ತೆಂಗು ಇದೆ, ತಿನ್ನುವಂತಿಲ್ಲ!

ಬಿಕಿನಿ ಅಂದ ಕೂಡಲೇ ನಮ್ಮಲ್ಲಿ ಅನೇಕರು ಮೂಗು ಮುರಿಯುತ್ತೇವೆ, ಅಲ್ಲವೇ? ಅದು ಈಜುಡುಪಿನ ಹೆಸರೆಂದೇ ನಮಗೆ ಗೊತ್ತು. ಆದರೆ ಸೋದರಿಯರೇ, ಅದು ಮೊದಲು ಒಂದು ಊರಿನ ಹೆಸರು. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿರುವ ಹವಳದ ದ್ವೀಪಮಾಲೆ ಅದು. 1946ರ ಜುಲೈ 1ರಂದು ಅಮೆರಿಕ ಅಲ್ಲಿ ಅಣುಬಾಂಬು ಸಿಡಿಸಿತು. ನಾಲ್ಕೇ ದಿನಕ್ಕೆ ಪ್ಯಾರಿಸ್ಸಿನ ಲೂಯಿ ರೇಆರ್ ತನ್ನ ಹೊಸ ಉಡುಪಿಗೆ ಆ ಹೆಸರಿಟ್ಟ. ಉಡುಪು ಮನೆಮಾತಾಯಿತು, ಮನೆ ಕಳೆದುಕೊಂಡವರ ಮಾತು ಹಿಂದೆ ಬಿತ್ತು.

ಅಲ್ಲಿಯ ಸಂಸಾರ ಹೇಗಿತ್ತು ಅಂತೀರಾ? ಬಳೆಯಂತೆ ಸುತ್ತುಗಟ್ಟಿದ 23 ಪುಟ್ಟ ದ್ವೀಪಗಳು, ನಡುವೆ ಕೆರೆಯಂಥ ಶಾಂತ ಒಳಗಡಲು. ಗಂಡಸರು ಹಾಯಿದೋಣಿಯಲ್ಲಿ ಹೋಗಿ ಮೀನು ತರುತ್ತಿದ್ದರು. ಹೆಂಗಸರು ಕೇದಗೆ ಜಾತಿಯ ಗಿಡದ ಎಲೆಯಿಂದ ಚಾಪೆ ಹೆಣೆಯುತ್ತಿದ್ದರು. ನಾವು ಉಪ್ಪಿನಕಾಯಿ ಹಾಕಿಡುವ ಹಾಗೆ, ದೀವಿಹಲಸನ್ನು ಗುಂಡಿಯಲ್ಲಿ ಹುಳಿ ಬರಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ತೆಂಗಿನ ನೀರಾ ಕುದಿಸಿದರೆ ನಮ್ಮ ಜೋನಿ ಬೆಲ್ಲದಂಥ ಪಾಕ ಸಿಗುತ್ತಿತ್ತು.

1946ರ ಫೆಬ್ರವರಿಯ ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಅಮೆರಿಕದ ನೌಕಾ ಅಧಿಕಾರಿ ಬಂದು, ಮನುಕುಲದ ಒಳಿತಿಗಾಗಿ ಸ್ವಲ್ಪ ಕಾಲ ಊರು ಬಿಡಿ ಎಂದರು. ಮಾರ್ಚ್‌ನಲ್ಲಿ 167 ಜನ ಹಡಗು ಹತ್ತಿದರು. ಮೊದಲು ಹೋದ ರೊಂಗೆರಿಕ್‌ನಲ್ಲಿ ಹೊಟ್ಟೆಗೇ ಇಲ್ಲದಂತಾಯಿತು. 1948ರಲ್ಲಿ ಕಿಲಿ ಎಂಬ ಒಂಟಿ ದ್ವೀಪಕ್ಕೆ ಕಳಿಸಿದರು. ಅಲ್ಲಿ ಒಳಗಡಲೇ ಇಲ್ಲ. ಅಲೆಗಳ ಹೊಡೆತಕ್ಕೆ ತಿಂಗಳುಗಟ್ಟಲೆ ದೋಣಿ ಇಳಿಸುವಂತಿಲ್ಲ. ದೋಣಿಯೇ ಬೇಡವಾದ ಮೇಲೆ ಅದನ್ನು ಕಟ್ಟುವ ವಿದ್ಯೆ ಮಕ್ಕಳಿಗೆ ಬರುವುದೆಲ್ಲಿಂದ, ನೀವೇ ಹೇಳಿ.

ಇತ್ತ ಬಿಕಿನಿಯಲ್ಲಿ 1958ರವರೆಗೆ 23 ಸ್ಫೋಟಗಳಾದವು. 1954ರ ಮಾರ್ಚ್ 1ರ 'ಬ್ರಾವೋ' ಬಾಂಬಿನ ಬಿಳಿ ಬೂದಿ ದೂರದ ರೊಂಗೆಲಾಪ್ ದ್ವೀಪದ ಮೇಲೂ ಸುರಿಯಿತು. ಮಕ್ಕಳು ಅದರಲ್ಲಿ ಆಟವಾಡಿದರು. ಆಮೇಲೆ ಮೈ ಸುಟ್ಟಿತು, ಕೂದಲು ಉದುರಿತು.

1970ರ ಸುಮಾರಿಗೆ ಕೆಲವು ಕುಟುಂಬಗಳು ಆಸೆಯಿಂದ ಬಿಕಿನಿಗೆ ಮರಳಿದವು. ಆದರೆ 1978ರಲ್ಲಿ ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಕಾರಣ ತೆಂಗಿನಕಾಯಿ! ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ಕಡಿಮೆ. ಬಾಂಬಿನಿಂದ ಬಂದ ಸೀಸಿಯಂ ಗುಣದಲ್ಲಿ ಅದನ್ನೇ ಹೋಲುತ್ತದೆ. ಹಸಿದ ಮರ ಅದನ್ನೇ ಹೀರಿ ಕಾಯಿಗೆ ತುಂಬುತ್ತದೆ. ತಿಂದವರ ಮೈಗೂ ಅದು ಸೇರಿತ್ತು.

ವಿಚಿತ್ರ ನೋಡಿ, ನೆಲದ ಫಲ ವಿಷವಾದರೂ ಆ ನೀರಿಗಿಳಿಯಲು ಭಯವಿಲ್ಲ. 1946ರ ಪರೀಕ್ಷೆಯಲ್ಲಿ ಬೇಕೆಂದೇ ನಿಲ್ಲಿಸಿ ಮುಳುಗಿಸಿದ ಯುದ್ಧನೌಕೆಗಳು ಇನ್ನೂ ತಳದಲ್ಲಿವೆ. ಸುಮಾರು 270 ಮೀಟರ್ ಉದ್ದದ 'ಸಾರಟೋಗ' ನೆಟ್ಟಗೆ ಕುಳಿತಿದೆ, ಹೊಟ್ಟೆಯಲ್ಲಿ ವಿಮಾನಗಳನ್ನೂ ಬಾಂಬುಗಳನ್ನೂ ಇಟ್ಟುಕೊಂಡು. ಜಪಾನಿನ 'ನಗಾಟೊ' ತಲೆಕೆಳಗಾಗಿದೆ. 1996ರಿಂದ ದೇಶ ವಿದೇಶದ ಮುಳುಗುಗಾರರು ನೋಡಲು ಬರತೊಡಗಿದರು. ಐವತ್ತು ಮೀಟರ್ ಆಳದಿಂದ ದಡಬಡನೆ ಮೇಲೆ ಬರುವ ಹಾಗಿಲ್ಲ. ಸೋಡಾ ಬಾಟಲಿ ತೆರೆದರೆ ಹೇಗೆ ಗುಳ್ಳೆ ಏಳುತ್ತದೋ, ರಕ್ತದಲ್ಲೂ ಹಾಗೇ ಎದ್ದು ಪ್ರಾಣಕ್ಕೇ ಸಂಚಕಾರ. ನಿಂತು ನಿಂತು ನಿಧಾನವಾಗಿ ಏರಬೇಕು. 2010ರಲ್ಲಿ ಯುನೆಸ್ಕೋ ಬಿಕಿನಿಯನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. ನೆಂಟರು ಬಂದು ಹೋಗುತ್ತಾರೆ. ಮನೆಯವರಿಗೆ ಮಾತ್ರ ಅಲ್ಲಿ ಒಲೆ ಹಚ್ಚುವ ಭಾಗ್ಯವಿಲ್ಲ.

ಬಿಕಿನಿ ಜನರಿಗೆ ತಮ್ಮದೇ ಒಂದು ಬಾವುಟವಿದೆ. ಅದರಲ್ಲಿ 23 ದ್ವೀಪಗಳಿಗೆ 23 ಬಿಳಿ ನಕ್ಷತ್ರ. ಬ್ರಾವೋ ನುಂಗಿದ ಮೂರು ದ್ವೀಪಗಳಿಗೆ ಮೂರು ಕಪ್ಪು ನಕ್ಷತ್ರ. ತಾವು ಈಗ ಬಾಳುತ್ತಿರುವ ಕಿಲಿ, ಎಜಿಟ್ ದ್ವೀಪಗಳಿಗೆ ಇನ್ನೆರಡು ಕಪ್ಪು ನಕ್ಷತ್ರ. ಊರು ಬಿಡುವಾಗ ಅವರ ಮುಖಂಡ ಜೂಡಾ ಆಡಿದ ಮಾತೂ ಅದರ ಮೇಲಿದೆ: ಎಲ್ಲವೂ ದೇವರ ಕೈಯಲ್ಲಿದೆ. ಊರು ಕಾಣದೆ ಹುಟ್ಟಿದ ಮಕ್ಕಳು ಬಾವುಟ ನೋಡಿಯೇ ತಮ್ಮ ದ್ವೀಪಗಳನ್ನು ಎಣಿಸಬೇಕು.