ಹೊಣೆ ಎಂಬ ಮಾತಿನ ಅರ್ಥ

ಜವಾಬ್ದಾರಿ ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಜವಾಬು ಎಂದರೆ ಉತ್ತರ. ಜವಾಬ್ದಾರನೆಂದರೆ ಉತ್ತರ ಕೊಡಬೇಕಾದವನು. ಇದಕ್ಕೆ ಸಮನಾದ ನಮ್ಮ ಹಳೆಯ ಮಾತು ಹೊಣೆ. ಅದಕ್ಕೆ ಜಾಮೀನು ಎಂಬ ಅರ್ಥವೂ ಉಂಟು. ಪರರ ಸಾಲಕ್ಕೆ ಹೊಣೆ ನಿಂತವನು ಆ ಹಣವನ್ನು ತಾನು ಅನುಭವಿಸದಿದ್ದರೂ ತೀರಿಸುವ ಭಾರವನ್ನು ಹೊರುತ್ತಾನೆ. ಈ ಎರಡು ಅರ್ಥಗಳನ್ನೂ ಒಂದೆಡೆ ಕಾಣಬೇಕಾದರೆ ಯಕ್ಷಗಾನದ ರಂಗಸ್ಥಳವನ್ನು ನೋಡಬೇಕು.

ಉಡುಪಿ ಸೀಮೆಯ ಪೆರ್ಡೂರು, ಅನಂತಪದ್ಮನಾಭನ ದೇವಾಲಯದಿಂದಲೂ ಊರಿನ ಹೆಸರನ್ನು ಹೊತ್ತ ಮೇಳದಿಂದಲೂ ಪ್ರಸಿದ್ಧವಾದುದು. ಇಂತಹ ಮೇಳಗಳ ಆಟವನ್ನು ಕಂಡವರು ಬಲ್ಲರು: ಪ್ರಸಂಗದ ಪದ್ಯಗಳನ್ನು ಕವಿ ರಚಿಸಿರುತ್ತಾನೆ, ಭಾಗವತರು ಅವನ್ನು ಹಾಡುತ್ತಾರೆ, ಅರ್ಥವನ್ನಾದರೋ ಸಂಪ್ರದಾಯದಂತೆ ವೇಷಧಾರಿಯು ತಾನೇ ಆ ಕ್ಷಣದಲ್ಲಿ ಕಟ್ಟಿ ನುಡಿಯಬೇಕು. ಆದುದರಿಂದ ಮಾತು ಜಾರಿದರೆ ಕವಿಯ ಮೇಲೆ ಹಾಕುವಂತಿಲ್ಲ. ಎದುರು ಪಾತ್ರಧಾರಿಯು ಅದೇ ಮಾತನ್ನು ಹಿಡಿದು ಪ್ರಶ್ನಿಸಬಹುದು. ಸಭೆಯ ಎದುರಿನಲ್ಲಿಯೇ ಉತ್ತರ ಕೊಡಬೇಕು. ಇದು ಜವಾಬ್ದಾರಿ.

ಭಾಗವತರ ಭಾರ ಬೇರೆ ಬಗೆಯದು. ಅವರನ್ನು ಮೊದಲನೆಯ ವೇಷವೆಂದೇ ಕರೆಯುವುದುಂಟು. ತಪ್ಪು ಯಾರದೇ ಆಗಲಿ, ಆಟವು ದಾರಿ ತಪ್ಪಿದರೆ ಅದನ್ನು ಮತ್ತೆ ಕಥೆಗೆ ತರಬೇಕಾದವರು ಅವರು. ಇದು ಹೊಣೆ. ತಪ್ಪು ಬೇರೆ, ಹೊಣೆ ಬೇರೆ.

ರಾಜ್ಯಾಡಳಿತದಲ್ಲಿಯೂ ಈ ಭೇದವುಂಟು. 1956ರ ನವೆಂಬರಿನಲ್ಲಿ ತಮಿಳು ನಾಡಿನ ಅರಿಯಲೂರಿನ ಬಳಿ ನೆರೆಯಿಂದ ಸೇತುವೆ ಶಿಥಿಲವಾಗಿ, ರೈಲು ಹಳಿ ತಪ್ಪಿ, ನೂರಕ್ಕೂ ಮಿಕ್ಕಿ ಪ್ರಯಾಣಿಕರು ಮಡಿದರು. ರೈಲ್ವೆ ಮಂತ್ರಿಗಳಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ರಾಜೀನಾಮೆಯನ್ನಿತ್ತರು. ಸೇತುವೆ ಕಟ್ಟಿದವರು ಅವರಲ್ಲ, ರೈಲು ನಡೆಸಿದವರೂ ಅಲ್ಲ. ಆದರೂ ಇಲಾಖೆಗೆ ಭಾಗವತರ ಸ್ಥಾನದಲ್ಲಿದ್ದವರು ಅವರೇ.

ಅದು ಉದಾತ್ತವಾದ ನಡತೆ, ಸಂದೇಹವಿಲ್ಲ. ಆದರೆ ಅಧಿಕಾರ ಬಿಟ್ಟ ಮಾತ್ರಕ್ಕೆ ಹೊಣೆ ತೀರಿತೆಂದು ತಿಳಿಯಲಾಗದು. ರಾಜೀನಾಮೆಯಿಂದ ಸೇತುವೆ ಭದ್ರವಾಗುವುದಿಲ್ಲ. ಮಾತು ಜಾರಿತೆಂದು ವೇಷಧಾರಿಯು ರಂಗಸ್ಥಳವನ್ನೇ ಬಿಟ್ಟು ನಡೆದರೆ ಕಥೆಯ ಗತಿಯೇನು? ನಡೆದುದನ್ನು ಇದ್ದಂತೆ ಹೇಳುವುದು, ನೊಂದವರ ಪ್ರಶ್ನೆಗೆ ನಿಂತು ಉತ್ತರ ಕೊಡುವುದು, ಕೆಟ್ಟುದನ್ನು ಕೈಲಾದಮಟ್ಟಿಗೆ ಸರಿಪಡಿಸುವುದು, ಈ ಮೂರೂ ಕೂಡಿದರೆ ಮಾತ್ರ ಹೊಣೆ ಪೂರ್ಣವಾಗುತ್ತದೆ.

ನಮ್ಮ ಕಚೇರಿಗಳಲ್ಲಿ, ಸಂಘಗಳಲ್ಲಿ, ಮನೆಗಳಲ್ಲಿ ಕೇಳಿಬರುವ ಸಮಾಧಾನಗಳು ಎರಡು: ಮೇಲಿನವರ ಅಪ್ಪಣೆ, ಕೆಳಗಿನವರ ಅಲಕ್ಷ್ಯ. ಈ ಎರಡರ ನಡುವೆ ನೊಂದವನಿಗೆ ಉತ್ತರ ಹೇಳುವವರೇ ಇಲ್ಲವಾಗುತ್ತದೆ. ಪದ್ಯ ಕವಿಯದಾದರೂ ಅರ್ಥ ತನ್ನದೆಂದು ಒಪ್ಪಿ ನಿಲ್ಲುವ ವೇಷಧಾರಿಯಿಂದ ನಾವು ಕಲಿಯಬೇಕಾದುದು ಅಲ್ಪವಲ್ಲ.