ಹೊಸ ಪಟಲವೂ ಕಣ್ಣಿನ ಒತ್ತಡವೂ

1905ನೆಯ ಇಸವಿ ಡಿಸೆಂಬರು 7ರಂದು ಮೊರಾವಿಯ ಸೀಮೆಯ ಓಲೊಮೌತ್ಸ್ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ನೇತ್ರವೈದ್ಯರು, ಸುಣ್ಣ ಬಿದ್ದು ಕಣ್ಣು ಸುಟ್ಟಿದ್ದ ಕೂಲಿಕಾರನೊಬ್ಬನಿಗೆ ಒಬ್ಬ ಬಾಲಕನ ಕಣ್ಣಿನಿಂದ ತೆಗೆದ ಕಾರ್ನಿಯವನ್ನು ಜೋಡಿಸಿ ದೃಷ್ಟಿಯನ್ನು ಮರಳಿ ತಂದರು. ಕಾರ್ನಿಯವೆಂಬುದು ಗಡಿಯಾರದ ಮೇಲಿನ ಗಾಜಿನಂತೆ ಕಣ್ಣಿನ ಮುಂಭಾಗದಲ್ಲಿರುವ, ನಡುವೆ ಸುಮಾರು ಅರ್ಧ ಮಿಲಿಮೀಟರು ದಪ್ಪವುಳ್ಳ ಪಾರದರ್ಶಕ ಪಟಲವು. ಈಗ ನಮ್ಮ ನಾಡಿನಲ್ಲಿಯೂ ಈ ಶಸ್ತ್ರಕ್ರಿಯೆಯು ನಡೆಯುತ್ತಿದೆ. ಆದರೆ ಗಾಜು ತಿಳಿಯಾಯಿತೆಂಬ ಸಂತೋಷದಲ್ಲಿ ಅದರ ಹಿಂದಿರುವ ನೀರಿನ ಸಂಗತಿಯನ್ನು ಅನೇಕರು ಮರೆತುಬಿಡುವರು. ಅದನ್ನೇ ಇಲ್ಲಿ ವಿವರಿಸಲು ನಾವು ಇಚ್ಛಿಸುತ್ತೇವೆ.

ಕಣ್ಣಿನೊಳಗೆ ತಿಳಿನೀರು ಎಡೆಬಿಡದೆ ಊರುತ್ತದೆ. ಕಾರ್ನಿಯವೂ ಅದರ ಹಿಂದಿನ ಬಣ್ಣದ ಪರದೆಯೂ ಕೂಡುವ ಮೂಲೆಯಲ್ಲಿ ಜರಡಿಯಂಥ ತೂಬೊಂದುಂಟು, ಅದರ ಮೂಲಕ ಹರಿದುಹೋಗುತ್ತದೆ. ಬರುವದೂ ಹೋಗುವದೂ ಸಮನಾಗಿದ್ದರೆ ಒತ್ತಡವು ಸಾಧಾರಣವಾಗಿ ಪಾದರಸದ 10ರಿಂದ 21 ಮಿಲಿಮೀಟರುಗಳೊಳಗೆ ನಿಲ್ಲುವದು. ತೂಬು ಕಟ್ಟಿದ ಕೆರೆಯ ಏರಿಗೆ ಏನಾಗುವದೆಂದು ಹಳ್ಳಿಯಿಂದ ಬಂದ ಹುಡುಗಿಯರಿಗೆ ನಾವು ಹೇಳಬೇಕಾಗಿಲ್ಲ. ಕಣ್ಣಿನಲ್ಲಿ ಆ ಹೊಡೆತವು ಹಿಂಭಾಗದ ದೃಷ್ಟಿನರದ ಮೇಲೆ ಬೀಳುತ್ತದೆ. ನರಕ್ಕಾಗುವ ಆ ಕೇಡಿಗೆ ಗ್ಲಾಕೋಮವೆಂದು ಹೆಸರು.

ಪಟಲದ ಜೋಡಣೆಯ ಬಳಿಕ ಈ ತೂಬು ಕೆಡುವದಕ್ಕೆ ಕಾರಣಗಳು ಹಲವು. ಉರಿಯೂತದಿಂದ ಮೂಲೆಯು ಅಂಟಿಕೊಳ್ಳಬಹುದು. ಒಳಪದರವನ್ನು ಮಾತ್ರ ಬದಲಿಸುವ ಹೊಸ ವಿಧಾನದಲ್ಲಿ, ಪದರವನ್ನು ಒತ್ತಿ ನಿಲ್ಲಿಸಲು ಬಿಟ್ಟ ಗಾಳಿಗುಳ್ಳೆಯು ನೀರಿನ ದಾರಿಯನ್ನು ತಡೆದು ಮೊದಲ ದಿನವೇ ಒತ್ತಡವನ್ನೇರಿಸಬಹುದು. ಆದರೆ ನಮ್ಮನ್ನು ಹೆಚ್ಚು ಯೋಚನೆಗೀಡುಮಾಡುವ ಕಾರಣವು ಔಷಧವೇ. ಅನ್ಯರ ಪಟಲವನ್ನು ದೇಹವು ತಳ್ಳಿಬಿಡದಂತೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿಗಳನ್ನು ಹಾಕಬೇಕು. ಆ ಹನಿಗಳೇ ಕೆಲವರಲ್ಲಿ ಕೆಲವು ವಾರಗಳೊಳಗೆ ಒತ್ತಡವನ್ನು ಏರಿಸುತ್ತವೆ. ತಾವಾಗಿಯೇ ನಿಲ್ಲಿಸಿದರೆ ಪಟಲಕ್ಕೆ ಅಪಾಯ. ಪರೀಕ್ಷೆಯಿಲ್ಲದೆ ಮುಂದುವರಿಸಿದರೆ ನರಕ್ಕೆ ಅಪಾಯ. ಮಂಕಾದ ಪಟಲವನ್ನು ಮತ್ತೊಮ್ಮೆ ಬದಲಿಸಲಾದೀತು. ಕೆಟ್ಟುಹೋದ ದೃಷ್ಟಿನರವನ್ನು ಬದಲಿಸುವ ಉಪಾಯವು ಇದುವರೆಗೆ ಇಲ್ಲ.

ಈ ಕೇಡು ಬಹುಮಟ್ಟಿಗೆ ನೋವಿಲ್ಲದೆ ಬರುವದು. ನಡುವಿನ ದೃಷ್ಟಿಯು ಬಹುಕಾಲ ಚೆನ್ನಾಗಿಯೇ ಇರುವದು. "ಕಾಣುತ್ತದಲ್ಲಾ, ಇನ್ನೇಕೆ ಪ್ರಯಾಣದ ಖರ್ಚು?" ಎಂದು ಮನೆಯವರು ಕೇಳುವರು; ಹೆಂಗಸರ ವಿಷಯದಲ್ಲಂತೂ ಈ ಪ್ರಶ್ನೆಯು ಬೇಗನೆ ಹುಟ್ಟುತ್ತದೆ. ಜೋಡಿಸಿದ ಪಟಲವು ದಪ್ಪವಾಗಿಯೋ ಡೊಂಕಾಗಿಯೋ ಇದ್ದರೆ ಒತ್ತಿ ಅಳೆಯುವ ಯಂತ್ರವು ತಪ್ಪು ಅಂಕೆಯನ್ನು ತೋರಿಸುವದುಂಟು. ಆದಕಾರಣ ವೈದ್ಯರು ಮತ್ತೊಂದು ಯಂತ್ರದಿಂದ ಪುನಃ ಅಳೆದರೆ ಬೇಸರಪಡಬಾರದು. ಒತ್ತಡವು ಏರಿದ್ದರೆ ಸೌಮ್ಯವಾದ ಸ್ಟೀರಾಯ್ಡಿಗೆ ಬದಲಾಯಿಸುವರು, ಟಿಮೊಲಾಲ್ ಮುಂತಾದ ಹನಿಗಳನ್ನು ಕೊಡುವರು, ಸಾಲದಿದ್ದರೆ ಶಸ್ತ್ರಕ್ರಿಯೆಯಿಂದ ನೀರಿಗೆ ಹೊಸ ದಾರಿಯನ್ನು ಮಾಡುವರು. ಉಬ್ಬಸವುಳ್ಳವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು, ಯಾಕಂದರೆ ಟಿಮೊಲಾಲ್ ಅವರಿಗೆ ಸಲ್ಲದು.