ಉಕ್ಕಿನ ಗಗನಚುಂಬಿ ಸೌಧಗಳ ನಿರ್ಮಾಣತತ್ತ್ವ

ಎತ್ತರವಾದ ಪ್ರಾಸಾದಗಳನ್ನು ವರ್ಣಿಸುವಾಗ ಕವಿಗಳು ‘ಅಭ್ರಂಲಿಹ’ವೆಂಬ ವಿಶೇಷಣವನ್ನು ಪ್ರಯೋಗಿಸುವುದು ವಾಚಕರಿಗೆ ವಿದಿತವೇ ಆಗಿದೆ. ಮೋಡವನ್ನು ನೆಕ್ಕುವುದೆಂದು ಅದರ ಅರ್ಥ. ಕಾವ್ಯದಲ್ಲಿ ಇದು ಅತಿಶಯೋಕ್ತಿ. ಅಮೆರಿಕಾ ದೇಶದ ಷಿಕಾಗೋ, ನ್ಯೂಯಾರ್ಕ್ ನಗರಗಳಲ್ಲಿ ಸ್ವಭಾವೋಕ್ತಿ. ಇದು ಹೇಗೆ ಸಾಧ್ಯವಾಯಿತೆಂದು ಕೇಳಿದರೆ, ಉಕ್ಕು ಕಲ್ಲಿಗಿಂತ ಗಟ್ಟಿಯಾದುದು, ಆದುದರಿಂದ ಹೆಚ್ಚು ಭಾರವನ್ನು ಹೊರಬಲ್ಲುದು ಎಂಬ ಉತ್ತರವು ರೂಢವಾಗಿದೆ. ನಾನೂ ಬಹುಕಾಲ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳುತ್ತಿದ್ದೆನು. ಇದು ಸುಳ್ಳಲ್ಲ, ಆದರೆ ಅರ್ಧಸತ್ಯ. ಉಳಿದ ಅರ್ಧವು ಭಾರದ ವಿಷಯವೇ ಅಲ್ಲವೆಂಬುದನ್ನು ಇಲ್ಲಿ ನಿರೂಪಿಸುವೆನು.

ಮೊದಲು ಭಾರವನ್ನೇ ನೋಡೋಣ. ಷಿಕಾಗೋ ನಗರದಲ್ಲಿ ಮೊನಾಡ್‌ನಾಕ್ ಎಂಬ ಕಟ್ಟಡವುಂಟು. ಅದರ ಉತ್ತರಭಾಗವು ೧೮೯೧ರಲ್ಲಿ ಮುಗಿದುದು, ೧೬ ಅಂತಸ್ತುಗಳು. ಹೊರಗೋಡೆಗಳೇ ಇಲ್ಲಿ ಭಾರವನ್ನು ಹೊರತಕ್ಕವುಗಳು. ಮೇಲಿನ ಪ್ರತಿಯೊಂದು ಅಂತಸ್ತಿನ ತೂಕವೂ ಕೆಳಗಿನ ಇಟ್ಟಿಗೆಯ ಮೇಲೆಯೇ ಬೀಳುವುದರಿಂದ ಬುಡದಲ್ಲಿ ಗೋಡೆಯ ದಪ್ಪವು ೬ ಅಡಿಗಳಷ್ಟಾಯಿತು. ಇನ್ನೂ ಮೇಲಕ್ಕೆ ಹೋಗಬೇಕೆಂದರೆ ನೆಲದ ಅಂತಸ್ತಿನಲ್ಲಿ ಗೋಡೆಯೇ ಉಳಿದು, ಅಂಗಡಿಗೆ ಸ್ಥಳವಿಲ್ಲದಂತಾಗುವುದು. ಅದೇ ಕಟ್ಟಡದ ದಕ್ಷಿಣಭಾಗವನ್ನು ೧೮೯೩ರಲ್ಲಿ ಕಟ್ಟಿದಾಗ ಉಕ್ಕಿನ ಚೌಕಟ್ಟನ್ನು ಉಪಯೋಗಿಸಿದರು. ಎರಡು ವರ್ಷಗಳ ಅಂತರದಲ್ಲಿ ಒಂದು ಯುಗವು ಮುಗಿದು ಮತ್ತೊಂದು ಮೊದಲಾದುದನ್ನು ಒಂದೇ ಬೀದಿಯಲ್ಲಿ ನಿಂತು ನೋಡಬಹುದು. ಚೌಕಟ್ಟಿನ ಕ್ರಮದಲ್ಲಿ ಕಂಬಗಳೂ ತೊಲೆಗಳೂ ಅಸ್ಥಿಪಂಜರದಂತೆ ಎಲ್ಲವನ್ನೂ ಹೊರುವುವು. ಗೋಡೆಯು ಚರ್ಮದಂತೆ ಹೊದಿಕೆ ಮಾತ್ರ. ಅದೇ ನಗರದಲ್ಲಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಶಿಲ್ಪಿಯು ೧೮೮೫ರಲ್ಲಿ ಕಟ್ಟಿದ ಹೋಮ್ ಇನ್ಷೂರೆನ್ಸ್ ಕಟ್ಟಡವೇ ಇದಕ್ಕೆ ಮೊದಲೆಂದು ಹಲವರು ಹೇಳುವರು. ಅದರಲ್ಲಿ ಕೆಲವು ಗೋಡೆಗಳು ಇನ್ನೂ ಭಾರ ಹೊರುತ್ತಿದ್ದುದರಿಂದ ಈ ಮಾತು ವಿವಾದಗ್ರಸ್ತವಾಗಿದೆ. ೧೯೩೧ರಲ್ಲಿ ಅದನ್ನು ಕೆಡವಿದರು.

ಇಷ್ಟರಿಂದ ಗೋಡೆಯ ತೊಡಕು ತೀರಿತು. ಆದರೆ ಎತ್ತರದ ನಿಜವಾದ ಶತ್ರುವು ಭಾರವಲ್ಲ, ಗಾಳಿ. ಅದೆಂತೆಂದರೆ, ಕಟ್ಟಡದ ಎತ್ತರವು ಇಮ್ಮಡಿಯಾದರೆ ಬುಡದ ಮೇಲಿನ ತೂಕವು ಸುಮಾರಾಗಿ ಇಮ್ಮಡಿಯಾಗುವುದು. ಗಾಳಿಯ ಒತ್ತಡವು ಮೇಲೂ ಕೆಳಗೂ ಒಂದೇ ಎಂದಿಟ್ಟುಕೊಂಡರೂ, ಬುಡವನ್ನು ಬಗ್ಗಿಸುವ ಬಲವು ನಾಲ್ಮಡಿಯಾಗುವುದು. ಬಿಗುವು ಹಾಗೆಯೇ ಇದ್ದರೆ ತುದಿಯ ಬಾಗು ಹದಿನಾರ್ಮಡಿ. ವಾಸ್ತವದಲ್ಲಿ ಮೇಲೆ ಹೋದಂತೆ ಗಾಳಿಯೂ ಬಲವಾಗುತ್ತದೆ. ನ್ಯೂಯಾರ್ಕಿನಲ್ಲಿ ೧೯೩೧ರಲ್ಲಿ ಮುಗಿದ, ೩೮೧ ಮೀಟರು ಎತ್ತರದ ಎಂಪೈರ್ ಸ್ಟೇಟ್ ಸೌಧವು ಕಟ್ಟಡದ ಒಳಗೆಲ್ಲಾ ಕಂಬಗಳನ್ನು ಹರಡಿ, ಧಾರಾಳವಾಗಿ ಉಕ್ಕನ್ನು ಸುರಿದು ಈ ಶತ್ರುವನ್ನು ಎದುರಿಸಿತು. ಹಣವಿದ್ದವರಿಗೆ ಅದೂ ಒಂದು ಮಾರ್ಗವೇ ಸರಿ.

ಸೂಕ್ಷ್ಮವಾದ ಮಾರ್ಗವನ್ನು ತೋರಿಸಿದವರು ಫಜ್ಲುರ್ ರಹಮಾನ್ ಖಾನ್ ಎಂಬವರು. ೧೯೨೯ರಲ್ಲಿ ಢಾಕಾದಲ್ಲಿ ಹುಟ್ಟಿ, ಷಿಕಾಗೋದಲ್ಲಿ ಕೆಲಸ ಮಾಡಿ, ೧೯೮೨ರಲ್ಲಿ ತೀರಿಕೊಂಡ ಈ ಎಂಜಿನಿಯರರು, ಕಂಬಗಳನ್ನು ಒಳಗಿನಿಂದ ತೆಗೆದು ಹೊರಮೈಗೆ ಸೇರಿಸಿ ಒತ್ತೊತ್ತಾಗಿ ನಿಲ್ಲಿಸಿದರೆ ಇಡೀ ಕಟ್ಟಡವು ಒಂದು ನಾಳವಾಗುವುದೆಂದು ಕಂಡರು. ಅಷ್ಟೇ ತೂಕದ ತುಂಬುಗೋಲಿಗಿಂತ ಟೊಳ್ಳಾದ ಬಿದಿರು ಬಾಗುವುದು ಕಡಮೆಯಲ್ಲವೆ? ಅದೇ ನ್ಯಾಯವು ಇಲ್ಲಿಯೂ. ೧೯೭೪ರಲ್ಲಿ ಮುಗಿದ ಸಿಯರ್ಸ್ ಗೋಪುರದಲ್ಲಿ (೨೦೦೯ರಿಂದ ವಿಲ್ಲಿಸ್ ಗೋಪುರವೆಂದು ಹೆಸರು) ೭೫ ಅಡಿ ಅಗಲದ ಒಂಬತ್ತು ಚೌಕನಾಳಗಳನ್ನು ದರ್ಭೆಯ ಕಟ್ಟಿನಂತೆ ಒಟ್ಟುಗೂಡಿಸಿದ್ದಾರೆ. ಅವುಗಳಲ್ಲಿ ಎರಡು ೫೦ನೆಯ ಅಂತಸ್ತಿನಲ್ಲಿ, ಎರಡು ೬೬ರಲ್ಲಿ, ಮೂರು ೯೦ರಲ್ಲಿ ನಿಲ್ಲುವುವು. ಉಳಿದೆರಡೇ ತುದಿಯವರೆಗೆ, ಅಂದರೆ ೪೪೨ ಮೀಟರಿನವರೆಗೆ ಏರುವುವು. ಎಂಪೈರ್ ಸ್ಟೇಟ್ ಸೌಧಕ್ಕೆ ಚದರಡಿ ನೆಲಕ್ಕೆ ಸುಮಾರು ೪೨ ಪೌಂಡು ಉಕ್ಕು ಬೇಕಾಗಿದ್ದರೆ, ಅದಕ್ಕಿಂತ ಎತ್ತರವಾದ ಇದಕ್ಕೆ ಸುಮಾರು ೩೩ ಪೌಂಡು ಸಾಕಾಯಿತು. ದುಬೈಯಲ್ಲಿ ೨೦೧೦ರಲ್ಲಿ ಮುಗಿದ ೮೨೮ ಮೀಟರಿನ ಬುರ್ಜ್ ಖಲೀಫವು ಬಹುಪಾಲು ಕಾಂಕ್ರೀಟಿನದು. ಉಕ್ಕು ಅದರ ಶಿಖರಭಾಗಕ್ಕೆ ಮಾತ್ರ.

ಲೆಕ್ಕವು ಸರಿಯಾಗಿದ್ದರೂ ಅಪಾಯವು ತಪ್ಪುವುದಿಲ್ಲ. ವ್ಯಾಕರಣದಲ್ಲಿಯಂತೆ ಇಲ್ಲಿಯೂ ಸಂಧಿಯೇ ತೊಡಕಿನ ಸ್ಥಳ. ನ್ಯೂಯಾರ್ಕಿನಲ್ಲಿ ೧೯೭೭ರಲ್ಲಿ ಮುಗಿದ ೫೯ ಅಂತಸ್ತುಗಳ ಸಿಟಿಕಾರ್ಪ್ ಕಟ್ಟಡದ ಒಂದು ಮೂಲೆಯಲ್ಲಿ ಚರ್ಚು ಇದ್ದುದರಿಂದ, ಬುಡದ ದೊಡ್ಡ ಕಂಬಗಳನ್ನು ಮೂಲೆಗಳಲ್ಲಿ ಇಡದೆ ಪಕ್ಕಗಳ ನಡುವೆ ಇಟ್ಟಿದ್ದರು. ಓರೆಯಾದ ಉಕ್ಕಿನ ತೊಲೆಗಳ ಸಂಧಿಗಳನ್ನು ಬೆಸೆಯತಕ್ಕದ್ದೆಂದು ಮೊದಲು ಯೋಜಿಸಿದ್ದುದನ್ನು ಬದಲಿಸಿ, ಬೋಲ್ಟುಗಳಿಂದ ಬಿಗಿದಿದ್ದರು. ಇದರ ಎಂಜಿನಿಯರರಾದ ವಿಲಿಯಂ ಲೆಮೆಶೂರಿಯರರು ೧೯೭೮ರಲ್ಲಿ, ವಿದ್ಯಾರ್ಥಿಯೊಬ್ಬರ ಪ್ರಶ್ನೆಯ ನಿಮಿತ್ತದಿಂದ, ಮತ್ತೆ ಗಣಿತಕ್ಕೆ ಕುಳಿತರಂತೆ. ಮೂಲೆಯ ದಿಕ್ಕಿನಿಂದ ಬೀಸುವ ಗಾಳಿಗೆ ಆ ಬೋಲ್ಟುಗಳು ಸಾಲವೆಂದೂ, ಬಲವಾದ ಚಂಡಮಾರುತವು ಬಂದರೆ ಕಟ್ಟಡವೇ ಬೀಳಬಹುದೆಂದೂ ಅವರು ಕಂಡುಕೊಂಡರು. ಸುಮ್ಮನಿರಬಹುದಾಗಿತ್ತು, ಇರಲಿಲ್ಲ. ತಮ್ಮ ತಪ್ಪನ್ನು ಮಾಲೀಕರಿಗೆ ತಾವೇ ತಿಳಿಸಿದರು. ಹಗಲಲ್ಲಿ ಕಛೇರಿಗಳು ಎಂದಿನಂತೆ ನಡೆಯುತ್ತಿರಲು, ರಾತ್ರಿಯಲ್ಲಿ ಬೆಸುಗೆಗಾರರು ಬಂದು ಸಂಧಿಗಳ ಮೇಲೆ ಉಕ್ಕಿನ ಫಲಕಗಳನ್ನು ಬೆಸೆದರು. ಅಲ್ಲಿ ಕೆಲಸ ಮಾಡುತ್ತಿದ್ದವರಿಗೂ ನೆರೆಯವರಿಗೂ ನಿಜವಾದ ಕಾರಣವನ್ನು ಹೇಳಲಿಲ್ಲ. ೧೯೯೫ರಲ್ಲಿ ಒಂದು ಪತ್ರಿಕೆಯು ಪ್ರಕಟಿಸಿದ ಮೇಲೆಯೇ ಲೋಕಕ್ಕೆ ಅದು ತಿಳಿದುದು. ಮಾಲೀಕರಿಗೆ ಹೇಳಿದುದನ್ನು ಮೆಚ್ಚುವ ನಾನು, ಜನರಿಂದ ಮರೆಮಾಡಿದುದನ್ನು ಮೆಚ್ಚಲಾರೆನು.